ಅನ್ನ ಬಿಟ್ಟು ತುಪ್ಪ ಹಿಡಿದೆ: 42 ಕಿಲೋಮೀಟರ್ ಓಟದ ನನ್ನ ಅನುಭವ

ಅನ್ನ, ಮುದ್ದೆಯ ಕಾರ್ಬ್ (ಪಿಷ್ಟ, ಸಕ್ಕರೆ) ಇಳಿಸಿ ಕೊಬ್ಬು ಹೆಚ್ಚಿಸುವ ಲೋ ಕಾರ್ಬ್ ಊಟದಲ್ಲಿದ್ದು, ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನನ್ನು ಒಂದೂ ಜೆಲ್ (ಓಡುವಾಗ ನುಂಗುವ ಸಕ್ಕರೆ ಪಾಕದ ಪ್ಯಾಕೆಟ್) ಮುಟ್ಟದೆ, ಎಲ್ಲೂ ಬಾಂಕ್ ಆಗದೆ, ಅಂದರೆ ದಾರಿ ಮಧ್ಯೆ ಶಕ್ತಿ ಪೂರ್ತಿ ಬತ್ತಿಹೋಗದೆ ಮುಗಿಸಿದೆ. ಸಮಯ ಸುಮಾರು 4 ಗಂಟೆ 20 ನಿಮಿಷ. ಹಿಂದೆ ಹೊಟ್ಟೆ ತುಂಬ ಪಾಸ್ತಾ, ಜೇಬು ತುಂಬ ಜೆಲ್ ಇಟ್ಟುಕೊಂಡು ಓಡಿದಾಗ ಇದಕ್ಕಿಂತ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತಿತ್ತು, ಕೊನೆಯ ಹತ್ತು ಕಿಲೋಮೀಟರ್ ನಡಿಗೆಯೇ. ಕಾಲುವೆ ದಂಡೆಯ ಆ ಮಣ್ಣು ದಾರಿ ಗೊತ್ತಿದ್ದವರಿಗೆ ಎಂಟೂವರೆ ಆದಮೇಲೆ ಅಲ್ಲಿ ಬಿಸಿಲು ಹೇಗೆ ಬಡಿಯುತ್ತೆ ಅನ್ನೋದೂ ಗೊತ್ತು. "ಮುದ್ದೆ ಬಿಟ್ಟವನು ಹಾಫ್ ಮ್ಯಾರಥಾನ್ ಕೂಡ ದಾಟಲ್ಲ" ಅಂದಿದ್ದ ನಮ್ಮ ಗುಂಪಿನವರು ಈಗ ನನ್ನ ಡಬ್ಬಿ ತೆಗೆದು ನೋಡುತ್ತಿದ್ದಾರೆ. ಅವರಿಗಾಗಿಯೇ ಈ ಬರಹ.

ಲೋ ಕಾರ್ಬ್ ಮಾಡಿ ಕೈಬಿಟ್ಟವರು ಬಹಳ ಜನ. ಅವರಲ್ಲಿ ಹೆಚ್ಚಿನವರನ್ನು ಸೋಲಿಸಿದ್ದು ಉಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಕಾರ್ಬ್ ಇಳಿಸಿದ ಕೂಡಲೇ ಇನ್ಸುಲಿನ್ ಇಳಿಯುತ್ತೆ, ಮೂತ್ರದಲ್ಲಿ ಸೋಡಿಯಂ ಹರಿದು ಹೋಗುತ್ತೆ. ಮೊದಲ ಸಲ ಎರಡನೇ ವಾರದಲ್ಲೇ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಮೀನಖಂಡ ಹಿಡಿದುಕೊಂಡಿತು, ಕೂತು ಎದ್ದರೆ ಕಣ್ಣು ಕತ್ತಲೆ. ಆಮೇಲೆ ಓಟಕ್ಕೆ ಮುಂಚೆ ಒಂದು ದೊಡ್ಡ ಲೋಟ ಉಪ್ಪು ಹಾಕಿದ ನೀರು ಮಜ್ಜಿಗೆ, ರಾತ್ರಿ ಬಸ್ಸಾರಿನ ಕಟ್ಟು ಖಾರ ಉಪ್ಪು ಬಿಗಿಯಾಗಿ ಹಾಕಿ ಕುಡಿಯೋಕೆ ಶುರು ಮಾಡಿದೆ. ದಿನಕ್ಕೆ ಮಾಮೂಲಿಗಿಂತ ಒಂದು ಚಮಚ ಉಪ್ಪು ಹೆಚ್ಚು ಹೋಗುತ್ತಿತ್ತು. ನಾಲ್ಕೈದು ದಿನದಲ್ಲಿ ಕಾಲು ಸರಿಹೋಯಿತು. ಬಿಪಿ ಇದ್ದವರು, ಸಕ್ಕರೆ ಕಾಯಿಲೆಗೆ ಮಾತ್ರೆ ಇನ್ಸುಲಿನ್ ತಗೊಳ್ಳುವವರು ಇದನ್ನು ಡಾಕ್ಟರ್‌ಗೆ ಹೇಳದೆ ಮಾಡಬಾರದು.

ಇನ್ನೊಂದು ಸೋಲು ಕಾಳಿನಿಂದ ಬಂತು. ನಮ್ಮ ಮನೆಯಲ್ಲಿ ಮೊಟ್ಟೆ ಉಂಟು, ಮಾಂಸ ಇಲ್ಲ. ಹಾಗಾಗಿ ಅನ್ನದ ಜಾಗಕ್ಕೆ ಹೆಸರುಕಾಳು, ಕಡಲೆಕಾಳು ಬಂದವು. ನೂರು ಗ್ರಾಂ ಒಣ ಹೆಸರುಕಾಳಿನಲ್ಲಿ 60 ಗ್ರಾಂ ಹತ್ತಿರ ಕಾರ್ಬೇ ಇರುತ್ತೆ. ಜೊತೆಗೆ ಹೆದರಿ ತುಪ್ಪ ಕಮ್ಮಿ ಮಾಡಿದರೆ ಕಾರ್ಬ್ ಪೂರ್ತಿ ಇಳಿಯಲೂ ಇಲ್ಲ, ಕೊಬ್ಬು ಸಾಕಷ್ಟು ಸಿಗಲೂ ಇಲ್ಲ, ಬರೀ ಸುಸ್ತು. ಈಗ ನನ್ನ ತಟ್ಟೆಯಲ್ಲಿ ತುಪ್ಪದಲ್ಲಿ ಮಾಡಿದ ಮೂರು ಮೊಟ್ಟೆ ಆಮ್ಲೆಟ್, ಕಾಯಿತುರಿ ಧಾರಾಳ ಬಿದ್ದ ಸೊಪ್ಪಿನ ಪಲ್ಯ, ಪನೀರ್, ಗಟ್ಟಿ ಮೊಸರು, ಬದನೆಕಾಯಿ ಎಣ್ಣೆಗಾಯಿ, ಹಸಿ ಎಣ್ಣೆಯಲ್ಲಿ ಕಲೆಸಿದ ಹುಚ್ಚೆಳ್ಳು ಚಟ್ನಿಪುಡಿ. ದಿನಕ್ಕೆ ಕಾರ್ಬ್ 60-70 ಗ್ರಾಂ ಇರಬಹುದು, ಈಗ ತೂಗುವುದಿಲ್ಲ. ಭಾನುವಾರದ ಲಾಂಗ್ ರನ್ ಆದಮೇಲೆ ಮಾತ್ರ ಒಂದು ಮುದ್ದೆ.

ವೇಗದ ವಿಷಯ ಎಲ್ಲಕ್ಕಿಂತ ಕಷ್ಟದ್ದು. ತರಬೇತುದಾರ ಫಿಲ್ ಮ್ಯಾಫೆಟೋನ್ ಅವರ ಲೆಕ್ಕ ಓಟಗಾರರಿಗೆ ಗೊತ್ತು: 180ರಲ್ಲಿ ವಯಸ್ಸು ಕಳೆಯಿರಿ, ಓಡುವಾಗ ಎದೆಬಡಿತ ನಿಮಿಷಕ್ಕೆ ಅಷ್ಟನ್ನು ಮೀರಬಾರದು. ನನಗೆ 134 ಬಂತು. ಎದೆಗೆ ಬಡಿತ ಅಳೆಯುವ ಪಟ್ಟಿ ಕಟ್ಟಿ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತುವಾಗ ಆ ಸಂಖ್ಯೆ ಮೀರದಂತೆ ಓಡಿದರೆ ಕಿಲೋಮೀಟರಿಗೆ ಎಂಟು ನಿಮಿಷ. ಸ್ವಲ್ಪ ಏರು ಬಂದರೂ ನಡೆಯಬೇಕು. ಗುಂಪು ಮುಂದೆ ಹೋಗುತ್ತಿತ್ತು, ನಾನು ಹೋಗಲಿಲ್ಲ. ಮೂರು ಮೂರೂವರೆ ತಿಂಗಳಾದ ಮೇಲೆ ಅದೇ 134ಕ್ಕೆ ಆರು ಮುಕ್ಕಾಲು ನಿಮಿಷ ಬರತೊಡಗಿತು. ಅಷ್ಟು ತಾಳ್ಮೆ ನಮ್ಮ ಗುಂಪಿನಲ್ಲಿ ನಾನೊಬ್ಬನೇ ತೋರಿಸಿದ್ದು ಅಂತ ಧೈರ್ಯವಾಗಿ ಹೇಳುತ್ತೇನೆ.

ಗುಂಪಿನ ಗೆಳೆಯರೊಬ್ಬರು ಆಸ್ಟ್ರೇಲಿಯಾದ ಲೂಯಿಸ್ ಬರ್ಕ್ ತಂಡದ 2017ರ ಅಧ್ಯಯನ ಕಳಿಸಿದ್ದರು. ಅದರಲ್ಲಿ ಅಂತರರಾಷ್ಟ್ರೀಯ ಮಟ್ಟದ ರೇಸ್ ವಾಕರ್‌ಗಳು ಕೊಬ್ಬಿನ ಊಟದಲ್ಲಿ ಅದೇ ವೇಗಕ್ಕೆ ಹೆಚ್ಚು ಆಮ್ಲಜನಕ ಬಳಸಿದರು, 10 ಕಿಲೋಮೀಟರ್ ಸಮಯ ಸುಧಾರಿಸಲಿಲ್ಲ. ಒಪ್ಪುತ್ತೇನೆ. ಆದರೆ ಅವರಿಗೆ ಸಿಕ್ಕಿದ್ದು ಮೂರು ವಾರ, ಅವರ ವೇಗವೇ ಬೇರೆ. 2016ರಲ್ಲಿ ಅಮೆರಿಕದ ವೋಲೆಕ್ ತಂಡ ಪರೀಕ್ಷಿಸಿದ ಅಲ್ಟ್ರಾ (ಮ್ಯಾರಥಾನಿಗಿಂತ ಉದ್ದದ ಓಟ) ಓಟಗಾರರು ಸರಾಸರಿ 20 ತಿಂಗಳಿಂದ ಈ ಊಟದಲ್ಲಿದ್ದವರು, ಗರಿಷ್ಠ ಮಟ್ಟದಲ್ಲಿ ನಿಮಿಷಕ್ಕೆ ಒಂದೂವರೆ ಗ್ರಾಂ ಕೊಬ್ಬು ಸುಡುತ್ತಿದ್ದರು. ಹತ್ತು ಕಿಲೋಮೀಟರ್ ಸ್ಪರ್ಧೆ ಗೆಲ್ಲಬೇಕಾದವರು ಅನ್ನ ತಿನ್ನಲಿ. ನಾಲ್ಕು ಗಂಟೆ ಮೀರಿ ಓಡುವ ನನ್ನಂಥವರಿಗೆ ಇದು ಸರಿ.

ದುಡ್ಡಿನ ಮಾತು. ಮೊದಲ ಎರಡು ತಿಂಗಳು ಮಾಮೂಲಿ ದಿನಸಿಯ ಮೇಲೆ ತಿಂಗಳಿಗೆ 5000 ರೂಪಾಯಿ ಹೆಚ್ಚು ಬಿತ್ತು. ಬಾದಾಮಿ ಹಿಟ್ಟು, ಆಲಿವ್ ಎಣ್ಣೆ, 'ಕೀಟೋ' (ಕಾರ್ಬ್ ತೀರಾ ಕಮ್ಮಿ) ಅಂತ ಬರೆದ ರೊಟ್ಟಿ ಹಿಟ್ಟು, ಮೈ ಕೊಬ್ಬು ಸುಡುವಾಗ ಬರುವ ಕೀಟೋನನ್ನು ಮೂತ್ರದಲ್ಲಿ ನೋಡುವ ಪಟ್ಟಿ, ಇವು ಯಾವುವೂ ಬೇಡ. ಬಾದಾಮಿ ಜಾಗಕ್ಕೆ ಕಡಲೆಕಾಯಿ, ಆಲಿವ್ ಜಾಗಕ್ಕೆ ಗಾಣದ ಕಡಲೆಕಾಯಿ ಎಣ್ಣೆ ಬಂದಮೇಲೆ ಖರ್ಚು 1500ರ ಆಸುಪಾಸಿಗೆ ಇಳಿಯಿತು. ಅದರಲ್ಲಿ ಜೆಲ್‌ಗೆ ಹೋಗುತ್ತಿದ್ದ 700-800 ಉಳಿತಾಯ. ರಕ್ತ ಪರೀಕ್ಷೆಗೆ ಮಾತ್ರ ಕಂಜೂಸ್ ಮಾಡಬೇಡಿ. ಆರು ತಿಂಗಳಿಗೆ ನನ್ನ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 190ರಿಂದ 90ಕ್ಕೆ ಇಳಿದಿತ್ತು, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 120ರಿಂದ 155ಕ್ಕೆ ಏರಿತ್ತು. ತುಪ್ಪ, ಬೆಣ್ಣೆ ಅರ್ಧ ಮಾಡಿ ಆ ಜಾಗಕ್ಕೆ ಕಡಲೆಕಾಯಿ, ಎಳ್ಳು ತಂದಮೇಲೆ 135ಕ್ಕೆ ಬಂತು. ಡಾಕ್ಟರ್ ಇನ್ನೂ ಕಣ್ಣಿಟ್ಟಿದ್ದಾರೆ, ಇಡಲಿ.

ಒಂದು ಸಲ ತೋಳಿಗೆ ಗ್ಲೂಕೋಸ್ ಸೆನ್ಸರ್ ಅಂಟಿಸಿಕೊಂಡೆ, ಹದಿನಾಲ್ಕು ದಿನಕ್ಕೆ 5000 ಹತ್ತಿರ. ಖಾಲಿ ಹೊಟ್ಟೆಯಲ್ಲಿ ಬೆಟ್ಟ ಹತ್ತಿದರೆ ಗ್ಲೂಕೋಸ್ ಇಳಿಯುವ ಬದಲು ಏರುತ್ತಿತ್ತು, ಲಿವರ್ ತಾನೇ ಬಿಡುತ್ತೆ. ಇದನ್ನು ಕಣ್ಣಾರೆ ನೋಡಿದ ಮೇಲೆ ಖಾಲಿ ಹೊಟ್ಟೆಯ ಓಟದ ಭಯ ಹೋಯಿತು. ಓಟಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಎರಡು ಚಮಚ ಕುಡಿಯುವ ಪ್ರಯೋಗವೂ ಆಯಿತು. ಹೊಟ್ಟೆ ಕೆಡುತ್ತೆ, ಯಾರೂ ಮಾಡಬೇಡಿ. ಡಿಕಾಕ್ಷನ್‌ಗೆ ಬೆಣ್ಣೆ ಹಾಕಿ ಕುಡಿಯುವುದು ಒಗ್ಗಿತು.

ಓಡುವಾಗ ತಿನ್ನೋಕೆ ಮೊದಲು ಜೇಬಿನಲ್ಲಿ ತಿಪಟೂರು ಕೊಬ್ಬರಿ ಚೂರು ಇಟ್ಟುಕೊಂಡಿದ್ದೆ. ಒಣಗಿದ ಬಾಯಲ್ಲಿ ಅದು ಪುಡಿಯಾಗಿ ಗಂಟಲಿಗೆ ಹತ್ತಿಕೊಂಡು ಮುಂದಿನ ನೀರಿನ ಮೇಜಿನ ತನಕ ಕೆಮ್ಮು. ತುಪ್ಪ ಹಾಕಿ ಉಂಡೆ ಕಟ್ಟಿದರೆ ಬಿಸಿಲಿಗೆ ಕರಗಿ ಜೇಬೆಲ್ಲ ಜಿಡ್ಡು. ಕೊನೆಗೆ ಹುರಿದ ಕಡಲೆಕಾಯಿ, ಕೊಬ್ಬರಿ ಎರಡನ್ನೂ ಎಣ್ಣೆ ಬಿಡುವ ತನಕ ರುಬ್ಬಿ, ಉಪ್ಪು ಸೇರಿಸಿ, ಹೆಬ್ಬೆರಳ ತುದಿಯಷ್ಟು ಉಂಡೆ ಮಾಡಿ ಬೆಣ್ಣೆ ಕಾಗದದಲ್ಲಿ ಸುತ್ತಿದೆ. ತಾವಾಗಿ ಬಿಟ್ಟ ಎಣ್ಣೆಯಲ್ಲೇ ಗಟ್ಟಿ ನಿಲ್ಲುತ್ತವೆ. 15ನೇ ಕಿಲೋಮೀಟರಿನಿಂದ ಮುಕ್ಕಾಲು ಗಂಟೆಗೊಂದು. 30 ದಾಟಿದ ಮೇಲೆ ಬೆಲ್ಲ ಸೇರಿದ ಬೇರೆ ಉಂಡೆ, ಆಗ ಸಿಹಿ ಕೊಟ್ಟರೆ ಕಾಲಿಗೆ ತಕ್ಷಣ ಗೊತ್ತಾಗುತ್ತೆ. ಆ ಎರಡನೇ ಉಂಡೆಗೆ ಹಾಕುವ ಇನ್ನೊಂದು ಸಾಮಾನು, ಅಳತೆ ಇಲ್ಲಿ ಬರೆಯುವುದಿಲ್ಲ. ಮಲ್ನಾಡ್ ಅಲ್ಟ್ರಾದ 50 ಕಿಲೋಮೀಟರ್ ಓಟಕ್ಕೆ ಚಿಕ್ಕಮಗಳೂರಿನ ಕಾಫಿ ತೋಟಗಳ ಏರಿಳಿತದಲ್ಲಿ ಅದನ್ನೇ ನೆಚ್ಚಿಕೊಂಡು ಹೋಗುತ್ತಿದ್ದೇನೆ.