ಔಸ್ಲಿ ಕೌಂಟಿಯ ಮನೆಗಳ ಆದಾಯವನ್ನು ನಾನು ಅಂದಾಜು ಮಾಡಿದ್ದು ಹೀಗೆ

ಅಮೆರಿಕದ ಕೆಂಟಕಿ ರಾಜ್ಯದ ಪೂರ್ವ ಭಾಗದಲ್ಲಿ, ಅಪಲಾಚಿಯನ್ ಬೆಟ್ಟಗಳ ನಡುವೆ ಔಸ್ಲಿ ಅನ್ನೋ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಭಾಗ, ಇದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಬರೀ 4,051 ಜನ. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯಷ್ಟು. ಆ ಭಾಗದ ಆರೋಗ್ಯ ಕೇಂದ್ರವೊಂದು ಅನುದಾನಕ್ಕೆ ಅರ್ಜಿ ಹಾಕುತ್ತಿತ್ತು. ತಂಬಾಕು ಬೆಳೆಗಿದ್ದ ಸರ್ಕಾರಿ ಆಸರೆ ಹೋದ ಮೇಲೆ ಇಲ್ಲಿನ ಮನೆಗಳ ಆದಾಯ ಏನಾಯಿತು ಅಂತ ಅವರಿಗೆ ತಿಳಿಯಬೇಕಿತ್ತು. ಆ ಲೆಕ್ಕ ನನ್ನ ಪಾಲಿಗೆ ಬಂತು.

ಸರಾಸರಿ ನನಗೆ ಬೇಕಿರಲಿಲ್ಲ, ಮಧ್ಯಾಂಕ ಬೇಕಿತ್ತು. ಮನೆಗಳನ್ನೆಲ್ಲ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಸಿಗುವ ಮನೆಯ ಆದಾಯ ಅದು. ಇಷ್ಟು ಚಿಕ್ಕ ಜಾಗದಲ್ಲಿ ಕೆಲವೇ ಶ್ರೀಮಂತ ಮನೆಗಳು ಸರಾಸರಿಯನ್ನು ಮೇಲೆ ಎತ್ತಿಬಿಡುತ್ತವೆ.

ಮೊದಲು 2000ದ ಜನಗಣತಿ ನೋಡಿದೆ. ಅದರ ಉದ್ದನೆಯ ಪ್ರಶ್ನಾವಳಿ ದೇಶದಲ್ಲಿ ಸುಮಾರು ಆರು ಮನೆಗೆ ಒಂದರಂತೆ ಹೋಗಿತ್ತು. ಔಸ್ಲಿಯ ಮಧ್ಯಾಂಕ 15,805 ಡಾಲರ್. ಆದರೆ ಜನಗಣತಿ ಕೇಳಿದ್ದು ಹಿಂದಿನ ವರ್ಷದ ಆದಾಯವನ್ನು, ಅಂದರೆ ಇದು 1999ರದು. ಗ್ರಾಹಕ ಬೆಲೆ ಸೂಚ್ಯಂಕ 1999ರಲ್ಲಿ 166.6 ಇದ್ದದ್ದು 2022ರಲ್ಲಿ 292.7 ಆಗಿತ್ತು. ಆ ಲೆಕ್ಕದಲ್ಲಿ 15,805 ಅನ್ನೋದು 2022ರ ಬೆಲೆಯಲ್ಲಿ ಹತ್ತಿರ ಹತ್ತಿರ 27,760 ಡಾಲರ್. ಮುಂದಿನ ಅಂಕಿಗಳನ್ನೂ 2022ರ ಬೆಲೆಗೆ ತಂದು ಇದರ ಜೊತೆಗೇ ಹೋಲಿಸಬೇಕು.

2000ದ ನಂತರ ಆ ಉದ್ದನೆಯ ಪ್ರಶ್ನಾವಳಿ ನಿಂತಿತು. ಅದರ ಜಾಗಕ್ಕೆ ಅಮೆರಿಕನ್ ಕಮ್ಯುನಿಟಿ ಸರ್ವೆ ಬಂತು. ಇದು ವರ್ಷಪೂರ್ತಿ ನಡೆಯುತ್ತದೆ. ಆದರೆ ಒಂದೇ ವರ್ಷದ ಅಂಕಿ ಸಿಗುವುದು 65,000ಕ್ಕಿಂತ ಜಾಸ್ತಿ ಜನರಿರುವ ಕಡೆಗೆ ಮಾತ್ರ. ಔಸ್ಲಿಯಂಥ ಕೌಂಟಿಗೆ ಐದು ವರ್ಷ ಒಟ್ಟು ಸೇರಿಸಿದ ಅಂದಾಜೇ ಗತಿ. ಇಲ್ಲಿ ಎಚ್ಚರ ಬೇಕು. 2014-18 ಮತ್ತು 2015-19ರ ಅಂಕಿಗಳಲ್ಲಿ ನಾಲ್ಕು ವರ್ಷದ ಉತ್ತರಗಳು ಒಂದೇ. ಇವೆರಡರ ವ್ಯತ್ಯಾಸ ನೋಡಿ 'ಈ ವರ್ಷ ಆದಾಯ ಏರಿತು' ಅನ್ನೋದರಲ್ಲಿ ಅರ್ಥವಿಲ್ಲ, ಅಲ್ವಾ? ಹಾಗಾಗಿ ಒಂದರ ಮೇಲೊಂದು ಬರದ ಅವಧಿಗಳನ್ನೇ ಆರಿಸಿಕೊಂಡೆ: 2005-09, 2010-14, 2015-19.

ಪ್ರತಿ ಅಂದಾಜಿನ ಪಕ್ಕದಲ್ಲಿ ಜನಗಣತಿ ಇಲಾಖೆ ತಪ್ಪಿನ ಅಂತರವನ್ನೂ, ಅಂದರೆ ನಿಜವಾದ ಅಂಕಿ ಎಷ್ಟು ಮೇಲೆ ಕೆಳಗೆ ಇರಬಹುದು ಅನ್ನೋದನ್ನೂ, ಕೊಡುತ್ತದೆ. ಶೇ. 90ರಷ್ಟು ಖಚಿತತೆಯ ಮೇಲೆ ಹಾಕಿದ್ದು ಅದು. ತುಂಬಾ ಜನ ಆ ಕಾಲಮ್ಮನ್ನೇ ಅಳಿಸಿಬಿಡುತ್ತಾರೆ, ನನಗೆ ನಿಜಕ್ಕೂ ಬೇಸರವಾಗುತ್ತದೆ. ಒಂದು ಅವಧಿಯಲ್ಲಿ 26,000, ಅಂತರ 4,000 ಅಂತಿಟ್ಟುಕೊಳ್ಳಿ. ಮುಂದಿನ ಅವಧಿಯಲ್ಲಿ 30,000, ಅಂತರ 5,000. ಎರಡೂ ಅಂತರಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 6,400. ಏರಿಕೆಯ ತಪ್ಪಿನ ಅಂತರ ಇದು. ಏರಿಕೆ 4,000 ಮಾತ್ರ. ಆದಾಯ ಹೆಚ್ಚಿತು ಅಂತ ಇದರಿಂದ ಹೇಳೋಕಾಗಲ್ಲ.

ವರ್ಷ ವರ್ಷದ ಗೆರೆ ಬೇಕೆಂದಾಗ ನಾನು ಸೈಪ್ (ಚಿಕ್ಕ ಪ್ರದೇಶಗಳ ಆದಾಯ ಮತ್ತು ಬಡತನದ) ಅಂದಾಜುಗಳಿಗೆ ಹೋದೆ. ಇವೂ ಜನಗಣತಿ ಇಲಾಖೆಯವೇ. ಸರ್ವೆಯ ಉತ್ತರಗಳ ಜೊತೆಗೆ ತೆರಿಗೆ ದಾಖಲೆಗಳನ್ನೂ ಮಾದರಿಯೊಳಗೆ ಸೇರಿಸುವುದರಿಂದ ಚಿಕ್ಕ ಕೌಂಟಿಯ ಅಂಕಿ ಅಷ್ಟಾಗಿ ಕುಣಿಯುವುದಿಲ್ಲ. ಆದರೆ 2004ರವರೆಗೆ ಈ ಮಾದರಿಗೆ ಆಧಾರ ಬೇರೊಂದು ಸರ್ವೆ. 2005ರಿಂದ ಅಮೆರಿಕನ್ ಕಮ್ಯುನಿಟಿ ಸರ್ವೆ.

ನನ್ನ ಕೆಲಸದ ನಿಜವಾದ ಗಂಟು ಇಲ್ಲೇ ಇತ್ತು. ಯಾರು ಎಷ್ಟು ತಂಬಾಕು ಮಾರಬಹುದು ಅಂತ ಮಿತಿ ಹಾಕಿ ಬೆಲೆ ಕಾಯುತ್ತಿದ್ದ ಸರ್ಕಾರಿ ಕೋಟಾ ಪದ್ಧತಿಯನ್ನು ರದ್ದು ಮಾಡಿದ ಕಾನೂನು ಬಂದದ್ದು 2004ರಲ್ಲಿ. ಕೋಟಾ ಇಲ್ಲದ ಮೊದಲ ಬೆಳೆ 2005ರದು. ಅಂದರೆ ಊರಿನ ಬದುಕು ಬದಲಾದ ವರ್ಷದಲ್ಲೇ ಅಳೆಯುವ ಕ್ರಮವೂ ಬದಲಾಯಿತು. 2004 ಮತ್ತು 2005ರ ನಡುವೆ ಗೆರೆ ಏರಲಿ, ಇಳಿಯಲಿ, ಅದು ತಂಬಾಕಿನ ಕಥೆಯೋ ಸರ್ವೆಯ ಕಥೆಯೋ ಅಂತ ಈ ಒಂದು ಗೆರೆಯಿಂದ ಬಿಡಿಸಲಾಗದು. ಆ ಜಾಗದಲ್ಲಿ ಗೆರೆ ಕಡಿದು ಎರಡು ತುಂಡು ಮಾಡಿದೆ. ಪ್ರತಿ ತುಂಡಿನೊಳಗಿನ ದಿಕ್ಕು ಮಾತ್ರ ನೋಡಿ ಅಂತ ಕೆಳಗೆ ಬರೆದೆ.

ಪಕ್ಕದ ಲೀ ಕೌಂಟಿಯನ್ನೂ ಸೇರಿಸಿ ಒಂದೇ ಅಂಕಿ ಕೊಡಿ ಅಂತ ಆರೋಗ್ಯ ಕೇಂದ್ರದವರು ಅಂದರು. ಎರಡು ಮಧ್ಯಾಂಕಗಳನ್ನು ಕೂಡಿಸಿ ಎರಡರಿಂದ ಭಾಗಿಸುವ ಹಾಗಿಲ್ಲ. ಅಮೆರಿಕನ್ ಕಮ್ಯುನಿಟಿ ಸರ್ವೆಯ ಬಿ19001 ಅನ್ನೋ ಪಟ್ಟಿಯಲ್ಲಿ ಯಾವ ಆದಾಯದ ಹಂತದಲ್ಲಿ ಎಷ್ಟು ಮನೆ ಅಂತ ಇರುತ್ತದೆ. ಎರಡೂ ಕೌಂಟಿಯ ಮನೆಗಳನ್ನು ಹಂತ ಹಂತವಾಗಿ ಕೂಡಿಸಬೇಕು. ಒಟ್ಟು 3,000 ಮನೆ ಅಂದುಕೊಳ್ಳಿ. 25,000 ಡಾಲರಿನ ಒಳಗೆ 1,380, ಮುಂದಿನ 5,000ದ ಹಂತದಲ್ಲಿ 300. ನಡುವಿನ 1,500ನೇ ಮನೆಗೆ ಆ 300ರಲ್ಲಿ 120 ದಾಟಬೇಕು. 5,000ದಲ್ಲಿ ಅಷ್ಟೇ ಪಾಲು ಅಂದರೆ 2,000. ಮಧ್ಯಾಂಕ 27,000.

ಆರ್ಥಿಕ ವಿಶ್ಲೇಷಣೆ ಇಲಾಖೆಯ ತಲಾ ಆದಾಯದ ಅಂಕಿ ಪ್ರತಿ ವರ್ಷ ಸಿಗುತ್ತದೆ, ಅದನ್ನೇ ಹಾಕಬಾರದಾ ಅಂತ ಕೇಳಿದರು. ಒಪ್ಪಲಿಲ್ಲ. ಅದರೊಳಗೆ ಮೆಡಿಕೇಡ್, ಮೆಡಿಕೇರ್ ಅನ್ನೋ ಸರ್ಕಾರಿ ಆರೋಗ್ಯ ಯೋಜನೆಗಳ ಖರ್ಚೂ ಸೇರಿರುತ್ತದೆ. ಜನ ಹೆಚ್ಚು ಕಾಯಿಲೆ ಬಿದ್ದರೂ 'ಆದಾಯ' ಏರಿದಂತೆ ಕಾಣಿಸುತ್ತದೆ. ಅದೂ ಆರೋಗ್ಯ ಕೇಂದ್ರದ ಅರ್ಜಿಯಲ್ಲಿ! ಕೊನೆಗೆ ಮೂರು ಅವಧಿಯ ಅಂದಾಜು, ಪ್ರತಿಯೊಂದರ ತಪ್ಪಿನ ಅಂತರ, 2005ರಲ್ಲಿ ಕಡಿದ ಗೆರೆ ಇಷ್ಟನ್ನೇ ಒಂದು ಪುಟದಲ್ಲಿ ಕೊಟ್ಟೆ.