ದಾನವಾಗಿ ಬಂದ ವಾದ್ಯವನ್ನು ಮಾರಿ ಪಾಠ ನಡೆಸಿದ ಬಗೆ: ನನ್ನ ಅನುಭವ

ದಾನವಾಗಿ ಬಂದ ವಾದ್ಯವನ್ನು ಮಾರಕೂಡದು ಎಂದು ನಮ್ಮ ಟ್ರಸ್ಟಿನ ಮೊದಲ ಸಭೆಯಲ್ಲೇ ಹಿರಿಯರೊಬ್ಬರು ಕಡ್ಡಿ ಮುರಿದಂತೆ ಹೇಳಿದ್ದರು. ಸರಸ್ವತಿಯನ್ನು ಸಂತೆಗೆ ಒಯ್ದಂತಾಗುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು, ಸಭೆಯಲ್ಲಿ ಅದಕ್ಕೆ ಎದುರಾಡಿದವನು ನಾನೊಬ್ಬನೇ. ಹಳೆಯ ವಾದ್ಯಗಳನ್ನು ದಾನವಾಗಿ ಪಡೆದು, ರಿಪೇರಿ ಮಾಡಿ, ಕೆಲವನ್ನು ಮಾರಿ, ಉಳಿದವನ್ನು ಸಂಗೀತ ಕಲಿಯುವ ಮಕ್ಕಳಿಗೆ ಕೊಡುವುದು ನಮ್ಮ ಕೆಲಸ. ಧಾರವಾಡದಲ್ಲಿ ಇದಕ್ಕೆ ಕೈಹಾಕಿ ಈಗ ಏಳನೆಯ ವರ್ಷ. ಸುಮಾರು 140 ಮಕ್ಕಳ ಮನೆಗಳಲ್ಲಿ ನಮ್ಮ ವಾದ್ಯಗಳಿವೆ, ಮೂವರು ಶಿಕ್ಷಕರಿಗೆ ತಿಂಗಳಿಗೆ ತಲಾ 4,000 ರೂಪಾಯಿ ಗೌರವಧನ ಒಮ್ಮೆಯೂ ತಪ್ಪಿಲ್ಲ, ಮತ್ತು ವರ್ಷಕ್ಕೆ ಬೇಕಾಗುವ ಎರಡೂವರೆ ಲಕ್ಷದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಬರುತ್ತಿರುವುದು ಅದೇ ಮಾರಾಟದಿಂದ.

ಮೊದಲ ಎರಡು ವರ್ಷ ನಾನೂ ಎಲ್ಲರಂತೆ ಬಂದದ್ದನ್ನೆಲ್ಲ ಹಂಚಿಬಿಟ್ಟೆ. ಹದಿನೆಂಟು ಜೋಡಿ ತಬಲಾ ಮತ್ತು ಹನ್ನೊಂದು ಪೇಟಿಗಳನ್ನು (ಹಾರ್ಮೋನಿಯಂ) ಹಳ್ಳಿಯ ಶಾಲೆಗಳಿಗೆ ಉಚಿತವಾಗಿ ಕೊಟ್ಟು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಬಂದೆವು. ಒಂದು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ ನುಡಿಸುವ ಸ್ಥಿತಿಯಲ್ಲಿದ್ದದ್ದು ಐದೇ ಜೋಡಿ. ಒಂದು ಶಾಲೆಯ ಕಪಾಟಿನಲ್ಲಿ ಡಗ್ಗಾದ (ಎಡಗೈಯ ದೊಡ್ಡ ತಬಲಾ) ಚರ್ಮವನ್ನು ಇಲಿ ಅಂಚಿನುದ್ದಕ್ಕೂ ಕಡಿದಿತ್ತು. ಅದೇ ಕಪಾಟಿನ ಪೇಟಿಯ ಮನೆಗಳು, ಅಂದರೆ ಬೆರಳಿಂದ ಒತ್ತುವ ಪಟ್ಟಿಗಳು, ತೇವಕ್ಕೆ ಉಬ್ಬಿ ಒಂದನ್ನು ಒತ್ತಿದರೆ ಮೂರು ಇಳಿಯುತ್ತಿದ್ದವು. ಶ್ರುತಿ ಮಾಡುವವರಿಲ್ಲದ ಕಡೆ ತಬಲಾ ಕೊಡುವುದೆಂದರೆ ಅದನ್ನು ಕೊಲ್ಲುವುದೇ ಸರಿ ಎಂದು ಅಂದು ಅರ್ಥವಾಯಿತು. ಅವುಗಳನ್ನು ವಾಪಸು ತಂದು ಸರಿಪಡಿಸಲು ಆದ ಖರ್ಚು 60,000 ದಾಟಿತ್ತು, ಅದರಲ್ಲಿ ಅರ್ಧ ನನ್ನ ಜೇಬಿನದು.

ಇನ್ನೊಂದು ಪೆಟ್ಟು ಬಿದ್ದದ್ದು ಮಾರಾಟದಲ್ಲಿಯೇ. ಬುರುಡೆ ಬಿರುಕು ಬಿಟ್ಟಿದ್ದ ಹಳೆಯ ತಂಬೂರಿಯೊಂದನ್ನು ರಿಪೇರಿಯ ಗೊಡವೆ ಬೇಡವೆಂದು ವ್ಯಾಪಾರಿಯೊಬ್ಬರಿಗೆ 3,500ಕ್ಕೆ ಕೊಟ್ಟೆ. ಅವರು ಬಿರುಕು ಮುಚ್ಚಿಸಿ, ಜವಾರಿ ತೆಗೆಸಿ (ನಾದ ತುಂಬಿ ಬರುವಂತೆ ತಂತಿ ಕೂರುವ ಕುದುರೆಯನ್ನು ಉಜ್ಜಿಸಿ), ಮೂರು ತಿಂಗಳಲ್ಲಿ ಅದನ್ನೇ 18,000ಕ್ಕೆ ಮಾರಿದರೆಂದು ಕೊಂಡವರ ಬಾಯಿಂದಲೇ ಕೇಳಿದೆ. ಆ ಹಣದಲ್ಲಿ ಎಷ್ಟು ಮಕ್ಕಳ ತಬಲಾಗಳಿಗೆ ಪುಡಿ (ಬಾಯಿಗೆ ಬಿಗಿಯುವ ಚರ್ಮದ ಹೊದಿಕೆ) ಕಟ್ಟಿಸಬಹುದಿತ್ತು ಎಂಬ ಲೆಕ್ಕ ಬಹಳ ದಿನ ಕಾಡಿತು. ಅಂದಿನಿಂದ ರಿಪೇರಿಯಾಗದ ವಾದ್ಯ ನಮ್ಮ ಬಾಗಿಲಿನಿಂದ ಹೊರಗೆ ಹೋಗಿಲ್ಲ.

ಈಗಿನ ಪದ್ಧತಿಯಲ್ಲಿ ವಾದ್ಯ ಬಂದ ದಿನವೇ ಅದು ಯಾವ ಸಾಲಿಗೆ ಎಂಬುದು ತೀರ್ಮಾನವಾಗಬೇಕು. ವರ್ಷಕ್ಕೆ ಅರವತ್ತರಷ್ಟು ಬರುತ್ತವೆ. ಶ್ರುತಿ ಬದಲಿಸಬಹುದಾದ ಸ್ಕೇಲ್ ಚೇಂಜರ್ ಪೇಟಿ, ಜರ್ಮನ್ ರೀಡಿನ (ನಾದ ಹೊಮ್ಮಿಸುವ ಲೋಹದ ಪಟ್ಟಿ) ಹಳೆಯ ಪೇಟಿ, ಸಿತಾರ್, ಗಿಟಾರ್, ಕೀಬೋರ್ಡ್ ಇವು ಮಾರಾಟಕ್ಕೆ, ಏಕೆಂದರೆ ನಮ್ಮಲ್ಲಿ ಕಲಿಯುವ ಮಕ್ಕಳಿಗೆ ಇವು ಬೇಕಾಗಿಲ್ಲ, ಕೊಳ್ಳುವ ಶಕ್ತಿಯುಳ್ಳವರಿಗೆ ಬೇಕಾಗಿವೆ. ಸಾದಾ ಪೇಟಿ, ತಬಲಾ, ತಂಬೂರಿ ಮಕ್ಕಳಿಗೆ. ಎರಡಕ್ಕೂ ಒದಗದವನ್ನು ಬಿಚ್ಚಿ ರೀಡು, ತಂತಿ ಬಿಗಿಯುವ ಬಿರಡೆ, ತಬಲಾದ ಮರದ ಗಟ್ಟೆಗಳನ್ನು ಡಬ್ಬಿಗಳಲ್ಲಿ ತುಂಬಿಡುತ್ತೇನೆ. ಕಳೆದ ವರ್ಷ ಈ ಡಬ್ಬಿಗಳೇ ಇಪ್ಪತ್ತು ಸಾವಿರದಷ್ಟು ಖರ್ಚು ಉಳಿಸಿವೆ. ಪೇಟಿಯನ್ನು ಪರೀಕ್ಷಿಸುವಾಗ ಒಂದೂ ಮನೆ ಒತ್ತದೆ ತಿದಿ ತುಂಬಿ ಕೈಬಿಟ್ಟು ಎಣಿಸುತ್ತೇನೆ, ಇಪ್ಪತ್ತರೊಳಗೆ ಗಾಳಿ ಇಳಿದರೆ ಅದು ಮತ್ತೆ ಬಡಗಿಯ ಮಣೆಗೆ ಹೋಗುತ್ತದೆ. ಸೋರಿಕೆ ಮುಚ್ಚಲು ನಾನು ಕಲಸುವ ಅಂಟಿನ ಪಾಕವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ನಾಲ್ಕು ಮಳೆಗಾಲ ಹಿಡಿದಿವೆ. ಬೆಲೆ ಕಟ್ಟುವ ಸೂತ್ರವೂ ಹಾಗೆಯೇ ಟ್ರಸ್ಟಿನೊಳಗೆ ಉಳಿಯಲಿ.

ದಾನಿಗಳಿಂದ ಲಿಖಿತ ಒಪ್ಪಿಗೆ ಪಡೆಯದೆ ಯಾವುದನ್ನೂ ಮಾರುವುದಿಲ್ಲ. ವಸ್ತುರೂಪದ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲವೆಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ಅದು ಗೊತ್ತಾದ ಮೇಲೆ ಹಿಂದೆ ಸರಿದವರು ಏಳು ವರ್ಷಗಳಲ್ಲಿ ಹತ್ತು ಮಂದಿಯೂ ಇಲ್ಲ, ಬದಲಿಗೆ ರಿಪೇರಿಗೆಂದು ಪ್ರತ್ಯೇಕವಾಗಿ ಚೆಕ್ ಬರೆದುಕೊಟ್ಟವರು ಅದಕ್ಕಿಂತ ಹೆಚ್ಚು.

ಮಕ್ಕಳಿಗೆ ಈಗ ಉಚಿತವಾಗಿ ಕೊಡುವುದಿಲ್ಲ, ಎರವಲು ಕೊಡುತ್ತೇವೆ. ಠೇವಣಿ 500 ರೂಪಾಯಿ, ಶಿಕ್ಷಕರ ಸಹಿ ಕಡ್ಡಾಯ, ಮೂರು ತಿಂಗಳಿಗೊಮ್ಮೆ ವಾದ್ಯವನ್ನು ತಂದು ತೋರಿಸಬೇಕು. ಸಂಗೀತದ ಜೂನಿಯರ್ ಪರೀಕ್ಷೆ ಪಾಸಾದ ಮೇಲೆ ವಾದ್ಯ ತನಗೇ ಬೇಕೆನ್ನುವ ಮಗುವಿಗೆ ರಿಪೇರಿಗೆ ಬಿದ್ದಷ್ಟೇ ಹಣಕ್ಕೆ ಬಿಟ್ಟುಕೊಡುತ್ತೇವೆ, ಅದನ್ನೂ ಕಂತಿನಲ್ಲಿ. ಬಡವರಿಂದ ಠೇವಣಿ ಕೇಳುವುದು ಕ್ರೂರವೆಂದು ಕೆಲವರು ನನಗೆ ನೇರವಾಗಿಯೇ ಹೇಳಿದ್ದಾರೆ. ಆದರೆ ಠೇವಣಿ ಇಟ್ಟ ಮನೆಯಲ್ಲಿ ತಬಲಾ ಅಟ್ಟ ಸೇರುವುದಿಲ್ಲ, ಹೊದಿಕೆ ಹೊದ್ದು ದೇವರ ಜಗುಲಿಯ ಪಕ್ಕದಲ್ಲಿ ಇರುತ್ತದೆ. ಇದನ್ನು ನಾನು ಹತ್ತಾರು ಮನೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮಳೆಗಾಲದ ಕಾಟ ತಪ್ಪಲೆಂದು ಎರಡು ಜೋಡಿ ತಬಲಾಗಳಿಗೆ ಕೃತಕ ಪುಡಿ ಹಾಕಿಸಿದೆ. ದಾಯಾಂ (ಬಲಗೈಯ ತಬಲಾ) ಪರವಾಗಿಲ್ಲವೆನಿಸಿತು, ಆದರೆ ಡಗ್ಗಾದ ಮೇಲೆ ಅಂಗೈ ಜಾರಿಸಿದಾಗ ಬರಬೇಕಾದ ಗುಮುಕಿ, ಅಂದರೆ ಜಾರುವ ಮಂದ್ರ ನಾದ, ಬರಲೇ ಇಲ್ಲ, ಶಿಕ್ಷಕರೂ ಒಪ್ಪಲಿಲ್ಲ. ಫೋನಿನಲ್ಲೇ ತಂಬೂರಿ ನುಡಿಯುವ ಕಾಲ ಬಂದ ಮೇಲೆ ಎಲೆಕ್ಟ್ರಾನಿಕ್ ತಂಬೂರಿಗಳು ಸಾಲುಸಾಲಾಗಿ ದಾನಕ್ಕೆ ಬರತೊಡಗಿದವು, ಬೆಂಗಳೂರಿನ ರಾಡೆಲ್‌ನವು ಹೆಚ್ಚು. ಅಡಾಪ್ಟರ್ ಬದಲಿಸಿ ಗುಂಡಿಗಳನ್ನು ಸ್ವಚ್ಛಗೊಳಿಸಿದರೆ ಬಹುಪಾಲು ಮತ್ತೆ ಹಾಡುತ್ತವೆ. ಇವನ್ನು ಫೋನ್ ಇಲ್ಲದ ಮಕ್ಕಳಿಗೆ ಕೊಟ್ಟಿದ್ದೇವೆ, ಮುಂಜಾನೆಯ ರಿಯಾಜಿಗೆ (ಅಭ್ಯಾಸಕ್ಕೆ) ಇಷ್ಟು ಒದಗಿದ್ದು ಬೇರೊಂದಿಲ್ಲ.

ಧಾರವಾಡದ ಮಾಳಮಡ್ಡಿಯ ಮನೆಯೊಂದರಿಂದ ಬಂದ ತಂಬೂರಿಯನ್ನು ಮಾತ್ರ ಮರೆಯಲಾರೆ. ಹಾಡುತ್ತಿದ್ದ ಅಜ್ಜಿ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಗವಸಿನೊಳಗೆ ಅವರು ಸುತ್ತಿಟ್ಟ ಜೀವಾಳದ ದಾರ (ನಾದ ಝೇಂಕರಿಸಲು ತಂತಿಯ ಕೆಳಗೆ ಸರಿಸುವ ನೂಲು) ಒಂದು ಪುಟ್ಟ ಕಾಗದದ ಪೊಟ್ಟಣದಲ್ಲಿ ಹಾಗೆಯೇ ಇತ್ತು. ಮಾರಿದ್ದರೆ 25,000 ಎಲ್ಲಿಗೂ ಹೋಗುತ್ತಿರಲಿಲ್ಲ. ಅದನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬೆಳಗಾವಿ ದಾಟಿ ಮಹಾರಾಷ್ಟ್ರದ ಮಿರಜಿಗೆ ಒಯ್ದೆ. ಅಲ್ಲಿಯ ಕುಶಲಿಗಳು ಪಂಢರಪುರ ಸೀಮೆಯ ಕುಂಬಳದ ಬುರುಡೆಗಳಿಂದ ತಂಬೂರಿ, ಸಿತಾರ್ ಕಟ್ಟುತ್ತಾರೆ, 2024ರಲ್ಲಿ ಆ ಎರಡಕ್ಕೂ ಭೌಗೋಳಿಕ ಸೂಚಕದ (ಊರಿನ ವಿಶಿಷ್ಟ ಉತ್ಪನ್ನವೆಂದು ಗುರುತಿಸುವ ಜಿಐ) ಮಾನ್ಯತೆ ಸಿಕ್ಕಿದೆ. ಜವಾರಿ ತೆಗೆಯುವವರು ಕುದುರೆಯನ್ನು ಅರದಿಂದ ಎರಡೇ ಎಳೆತ ಎಳೆದು, ತಂತಿ ಮೀಟಿ, ಕಣ್ಣು ಮುಚ್ಚಿ ಕೇಳಿ, ಮತ್ತೆ ಒಂದು ಎಳೆತ ಎಳೆದರು. ಆ ಅಜ್ಜಿಯ ದಾರವನ್ನೇ ತಂತಿಯ ಕೆಳಗೆ ಸರಿಸಿದಾಗ ಷಡ್ಜದೊಳಗಿಂದ ಗಾಂಧಾರ ತಾನಾಗಿ ಎದ್ದು ಬಂತು. ಖರ್ಚು 2,800. ಆ ತಂಬೂರಿ ಈಗ ಕಲಘಟಗಿ ಕಡೆಯ ಹುಡುಗಿಯೊಬ್ಬಳ ಹತ್ತಿರವಿದೆ. ಅವಳು ಸೀನಿಯರ್ ಪರೀಕ್ಷೆಗೆ ಕೂಡಲಿದ್ದಾಳೆ. ಅಜ್ಜಿಯ ಮಕ್ಕಳು ಬಂದು ಆ ತಂಬೂರಿಯ ನಾದ ಕೇಳಿ, ಮರುವಾರವೇ ಮನೆಯಲ್ಲಿದ್ದ ಸ್ಕೇಲ್ ಚೇಂಜರ್ ಪೇಟಿಯನ್ನು ತಂದಿಟ್ಟು, ಇದನ್ನು ಮಾರಿ ಎಂದು ಬರೆದುಕೊಟ್ಟರು.

ಈ ಸಲ ಮಳೆಗೆ ಮೊದಲು ಎಲ್ಲ ವಾದ್ಯಗಳನ್ನೂ ಒಮ್ಮೆ ತರಿಸಿ ನೋಡುವುದಿದೆ. ಪುಡಿ ಕಟ್ಟಿಸಬೇಕಾದ ತಬಲಾಗಳೇ ಇಪ್ಪತ್ತಾರು, ಒಂದಕ್ಕೆ ಸರಾಸರಿ 900 ಹಿಡಿದರೂ ಇಪ್ಪತ್ಮೂರು ಸಾವಿರದ ಮೇಲಾಗುತ್ತದೆ. ಅಜ್ಜಿಯ ಮಕ್ಕಳು ಕೊಟ್ಟ ಆ ಪೇಟಿಗೆ ಹುಬ್ಬಳ್ಳಿಯಿಂದ ಒಬ್ಬರು 26,000 ಹೇಳಿದ್ದಾರೆ. ನಾನು 31,000ಕ್ಕೆ ನಿಂತಿದ್ದೇನೆ.