ಹ್ಯಾಸ್ಕೆಲ್‌ನಲ್ಲಿ ಚಿಕ್ಕದೊಂದು ಸ್ಕ್ರೀನ್ ರೆಕಾರ್ಡರ್

ದಾವಣಗೆರೆಯ ಕಾಲೇಜು ಲ್ಯಾಬ್‌ನಲ್ಲಿ ಪ್ರೋಗ್ರಾಂ ಓಡಿಸಿ ತೋರಿಸುವ ಐದು ನಿಮಿಷದ ವಿಡಿಯೊಗೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಎಫ್‌ಎಫ್‌ಎಂಪೆಗ್ ಓಡಿಸಿ ನಿಲ್ಲಿಸುವ ಚಿಕ್ಕ ಹ್ಯಾಸ್ಕೆಲ್ ಸ್ಕ್ರಿಪ್ಟ್ ಸಾಕು. ಉಬುಂಟು ಇರುವ ಕಂಪ್ಯೂಟರ್‌ಗೆ ಜಿಎಚ್‌ಸಿ (ಹ್ಯಾಸ್ಕೆಲ್ ಭಾಷೆಯ ಕಂಪೈಲರ್) ಮತ್ತು ಎಫ್‌ಎಫ್‌ಎಂಪೆಗ್ (ವಿಡಿಯೊ, ಧ್ವನಿ ಹಿಡಿದು ಫೈಲ್ ಮಾಡುವ ಪ್ರೋಗ್ರಾಂ) ಹಾಕಿಕೊಳ್ಳಿ. ಪ್ರೋಸೆಸ್, ಟೈಮ್ ಲೈಬ್ರರಿಗಳು ಜಿಎಚ್‌ಸಿ ಜೊತೆಗೇ ಬರುತ್ತವೆ. ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ, ಟೈಪ್ ಮಾಡುವುದು ಇಂಗ್ಲಿಷಿನಲ್ಲೇ.

ಈ ವಿಧಾನಕ್ಕೆ ಎಕ್ಸ್11 (ಪರದೆಗೆ ಕಿಟಕಿಗಳನ್ನು ಬಿಡಿಸುವ ಹಳೆಯ ವ್ಯವಸ್ಥೆ) ಸೆಷನ್ ಬೇಕೇ ಬೇಕು. ಅದರ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಿದ್ದರೆ ವಿಡಿಯೊ ಕಪ್ಪಗೆ ಬರುತ್ತದೆ. ಲಾಗಿನ್ ಪರದೆಯ ಗೇರ್ ಚಿಹ್ನೆ ಒತ್ತಿ ಎಕ್ಸ್‌ಆರ್ಗ್ (ಅದೇ ಎಕ್ಸ್11) ಆರಿಸಿ. ಉಬುಂಟು 25.10ರಿಂದ ಅದರ ಮಾಮೂಲಿ ಡೆಸ್ಕ್‌ಟಾಪ್ ಗ್ನೋಮ್‌ನಲ್ಲಿ ಆ ಆಯ್ಕೆ ಇಲ್ಲ, ಅಲ್ಲಿ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿಕೊಳ್ಳಬಹುದು.

ಸ್ಕ್ರಿಪ್ಟಿನ ಜೀವವೆಲ್ಲ ಒಂದು ಶುದ್ಧ (ಕೊಟ್ಟದ್ದರಿಂದ ಉತ್ತರ ಕಟ್ಟುವುದಷ್ಟೇ ಮಾಡುವ) ಫಂಕ್ಷನ್‌ನಲ್ಲಿದೆ. ಅಗಲ, ಎತ್ತರ, ಮೈಕ್ ಬೇಕೋ ಬೇಡವೋ, ಫೈಲ್ ಹೆಸರು ಇಷ್ಟನ್ನು ಒಂದು ರೆಕಾರ್ಡ್ ಟೈಪ್‌ನಲ್ಲಿಟ್ಟು ಕೊಟ್ಟರೆ, ಅದು ಎಫ್‌ಎಫ್‌ಎಂಪೆಗ್‌ಗೆ ಕೊಡಬೇಕಾದ ಆಯ್ಕೆಗಳನ್ನು ಸ್ಟ್ರಿಂಗ್‌ಗಳ ಪಟ್ಟಿಯಾಗಿ ತಿರುಗಿ ಕೊಡಬೇಕು. ಪರದೆಗೆ ಒಂದು ಪಟ್ಟಿ, ಧ್ವನಿಗೆ ಒಂದು, ಔಟ್‌ಪುಟ್‌ಗೆ ಒಂದು. ಮೂರನ್ನೂ ++ ಹಾಕಿ ಜೋಡಿಸಿ. ಮೈಕ್ ಬೇಡವೆಂದರೆ ಎರಡನೆಯದು ಖಾಲಿ ಪಟ್ಟಿ, ಅಷ್ಟೇ. ಹೀಗೆ ಬೇರ್ಪಡಿಸಲು ಕಾರಣವಿದೆ: ಎಫ್‌ಎಫ್‌ಎಂಪೆಗ್‌ನಲ್ಲಿ ಪ್ರತಿ ಆಯ್ಕೆಯೂ ತನ್ನ ನಂತರ ಬರುವ ಫೈಲಿಗೆ ಅನ್ವಯಿಸುತ್ತದೆ. ಫ್ರೇಮ್‌ರೇಟ್ 15 ಎಂಬುದು -ಐ (ಇನ್‌ಪುಟ್ ಯಾವುದೆಂದು ಹೇಳುವ ಆಯ್ಕೆ) ಆದಮೇಲೆ ಬಂದರೆ ಪರದೆ ಹಿಡಿಯುವ ವೇಗಕ್ಕೆ ಅದು ತಾಗುವುದೇ ಇಲ್ಲ. ಈ ಫಂಕ್ಷನ್ ಏನನ್ನೂ ಓಡಿಸುವುದಿಲ್ಲವಾದ್ದರಿಂದ ಜಿಎಚ್‌ಸಿಐನಲ್ಲಿ (ಜಿಎಚ್‌ಸಿಯ ಪ್ರಶ್ನೋತ್ತರ ಕಿಟಕಿ) ಕರೆದು, ಕ್ರಮ ಸರಿಯಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬಹುದು. ಇದನ್ನು ತಪ್ಪದೆ ಮಾಡಿ.

ಆಯ್ಕೆ ಮತ್ತು ಅದಕ್ಕೆ ಕೊಡುವ ಮೌಲ್ಯ ಎರಡು ಬೇರೆ ಬೇರೆ ಸ್ಟ್ರಿಂಗ್ ಆಗಿರಬೇಕು. ನಡುವೆ ಶೆಲ್ (ಟರ್ಮಿನಲ್‌ನಲ್ಲಿ ಬರೆದ ಸಾಲನ್ನು ಬಿಡಿಸಿ ಓದುವ ಪ್ರೋಗ್ರಾಂ) ಇಲ್ಲ, ಒಟ್ಟಿಗೆ ಬರೆದರೆ ಬಿಡಿಸಿಕೊಡುವವರು ಯಾರೂ ಇಲ್ಲ. ಪರದೆಗೆ ಎಕ್ಸ್11ಗ್ರ್ಯಾಬ್, 1366x768, ಇನ್‌ಪುಟ್ :0.0, ಧ್ವನಿಗೆ ಪಲ್ಸ್, ಡೀಫಾಲ್ಟ್, ಔಟ್‌ಪುಟ್‌ಗೆ ಲಿಬ್‌ಎಕ್ಸ್264 (ಎನ್‌ಕೋಡರ್), ಅಲ್ಟ್ರಾಫಾಸ್ಟ್ (ಅದರ ವೇಗ), ಸಿಆರ್‌ಎಫ್ 23 (ಗುಣಮಟ್ಟ), ವೈಯುವಿ420ಪಿ (ಬಣ್ಣದ ನಮೂನೆ). ಹಳೆಯ ಕಂಪ್ಯೂಟರ್‌ಗೆ ಅಲ್ಟ್ರಾಫಾಸ್ಟ್ ಒಳ್ಳೆಯದು: ಫೈಲ್ ದಪ್ಪವಾಗುತ್ತದೆ, ಫ್ರೇಮ್ ತಪ್ಪುವುದು ಕಡಿಮೆ. ಪರದೆಯ ತುಣುಕನ್ನಷ್ಟೇ ಹಿಡಿಯುವುದಾದರೆ ಅಗಲ, ಎತ್ತರ ಎರಡೂ ಸಮಸಂಖ್ಯೆಯಾಗಿರಲಿ. 641 ಕೊಟ್ಟರೆ ಎನ್‌ಕೋಡರ್ ಶುರುವೇ ಆಗುವುದಿಲ್ಲ.

ದಾವಣಗೆರೆ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಕೂರಲಾಗದು. ಔಟ್‌ಪುಟ್ ಪಟ್ಟಿಗೆ -ಎಎಫ್ (ಧ್ವನಿ ಫಿಲ್ಟರ್), ಹೈಪಾಸ್=ಎಫ್=100 ಸೇರಿಸಿದರೆ ಅದರ ಗುಂಯ್ ಎನ್ನುವ ತಗ್ಗು ಸದ್ದು ಇಳಿಯುತ್ತದೆ, ಗಾಳಿಯ ಸದ್ದು ಹೋಗದು.

ಇನ್ನು ಓಡಿಸುವುದು. ಬೇರೆ ಪ್ರೋಗ್ರಾಂ ಓಡಿಸುವ ಕ್ರಿಯೇಟ್‌ಪ್ರೋಸೆಸ್‌ಗೆ ಎಸ್‌ಟಿಡಿ_ಇನ್ (ಆ ಪ್ರೋಗ್ರಾಂ ಓದುವ ದಾರಿ) ಮಾತ್ರ ಕ್ರಿಯೇಟ್‌ಪೈಪ್ ಎಂದು ಕೊಡಿ. ಕೊಡದಿದ್ದರೆ ಎಂಟರ್‌ಗೆ ಕಾಯುವ ನಿಮ್ಮ ಗೆಟ್‌ಲೈನ್ ಮತ್ತು ಎಫ್‌ಎಫ್‌ಎಂಪೆಗ್ ಒಂದೇ ಕೀಬೋರ್ಡಿಗೆ ಕಿತ್ತಾಡುತ್ತವೆ. ಎಫ್‌ಎಫ್‌ಎಂಪೆಗ್ ತನ್ನ ಸಂದೇಶ ಬರೆಯುವ ಎಸ್‌ಟಿಡಿ_ಇಆರ್‌ಆರ್‌ಗೆ ಪೈಪ್ ಹಾಕಿ ಓದದೆ ಬಿಟ್ಟರೆ ಇನ್ನೊಂದು ಪೇಚು: ಲಿನಕ್ಸ್‌ನಲ್ಲಿ ಪೈಪ್ ಸಾಮಾನ್ಯವಾಗಿ 64 ಕೆಬಿಗೆ ತುಂಬುತ್ತದೆ, ರೆಕಾರ್ಡಿಂಗ್ ಅಲ್ಲೇ ನಿಲ್ಲುತ್ತದೆ. ಎಂಟರ್ ಒತ್ತಿದ ಮೇಲೆ ಪೈಪಿಗೆ "ಕ್ಯೂ" ಅಕ್ಷರ (ಎಫ್‌ಎಫ್‌ಎಂಪೆಗ್ ನಿಲ್ಲಿಸುವ ಕೀಲಿ) ಬರೆದು, ಎಚ್‌ಫ್ಲಶ್ ಮಾಡಿ, ವೇಟ್‌ಫಾರ್‌ಪ್ರೋಸೆಸ್ ಕರೆಯಿರಿ. ಎಚ್‌ಫ್ಲಶ್ ಮರೆತರೆ ಅಕ್ಷರ ಹ್ಯಾಸ್ಕೆಲ್‌ನ ಬಫರ್‌ನಲ್ಲೇ ಉಳಿದು ಸ್ಕ್ರಿಪ್ಟ್ ಕಾಯುತ್ತಲೇ ಇರುತ್ತದೆ.

ಫೈಲ್ ಎಂಕೆವಿ ಆಗಿರಲಿ. ಎಂಪಿ4 ತನ್ನ ಸೂಚಿಯನ್ನು ಕೊನೆಯಲ್ಲಿ ಬರೆಯುತ್ತದೆ, ನಡುವೆ ಕರೆಂಟ್ ಹೋದರೆ ಫೈಲ್ ತೆರೆಯದು. ಎಂಕೆವಿಯಲ್ಲಿ ಡಿಸ್ಕಿಗೆ ಇಳಿದಷ್ಟು ಭಾಗ ಉಳಿಯುತ್ತದೆ. ಆಮೇಲೆ -ಸಿ ಕಾಪಿ ಕೊಟ್ಟು ಎಂಪಿ4 ಮಾಡಿಕೊಂಡರೆ ಮತ್ತೆ ಎನ್‌ಕೋಡ್ ಆಗದೆ ಬೇಗ ಮುಗಿಯುತ್ತದೆ. ಹೆಸರಿಗೆ ಸಮಯ ಸೇರಿಸುವಾಗ ಗಂಟೆ, ನಿಮಿಷದ ನಡುವೆ ಕೋಲನ್ ಬೇಡ, ಅಡ್ಡಗೆರೆ ಹಾಕಿ. ಕೋಲನ್ ಇರುವ ಹೆಸರನ್ನು ಫ್ಯಾಟ್32 ಪೆನ್‌ಡ್ರೈವ್ ತೆಗೆದುಕೊಳ್ಳುವುದಿಲ್ಲ.